ಉಗ್ರಾಣದ ಬಾಗಿಲ ಕಪ್ಪು

“ಮೇಷ್ಟ್ರೇ, ಕಣ್ಣಿಗೆ ಕಾಣದ ಬಣ್ಣವನ್ನು ಕೂಡಿಟ್ಟುಕೊಂಡು ಏನು ಪ್ರಯೋಜನ?”

ಹೀಗೆ ಕೇಳಿದವನು ಧರಣೇಶ. ಫೋಟೋ ತೆಗೆಯುವುದನ್ನೂ ಅದನ್ನು ಕಾಗದಕ್ಕೆ ಇಳಿಸುವುದನ್ನೂ ಕಲಿಯಲು ಅವನು ಕಾಳಾಚಾರ್ ಮೇಷ್ಟ್ರ ಬಳಿ ಬಂದು ಎರಡು ವರ್ಷವಾಗಿತ್ತು. ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳುವ ಹುಡುಗನಲ್ಲ. ಚೆನ್ನಾಗಿ ಯೋಚಿಸಿಕೊಂಡೇ ಬಂದಿದ್ದ.

ಕ್ಯಾಮೆರಾ ಪ್ರತಿಯೊಂದು ಬಣ್ಣವನ್ನೂ ಕತ್ತಲಿನಿಂದ ಬೆಳಕಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬರೆದುಕೊಳ್ಳುತ್ತದೆ. ಆ ಮೆಟ್ಟಿಲುಗಳ ಲೆಕ್ಕವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. ಎಂಟು ಬಿಟ್‌ನ ಚಿತ್ರದಲ್ಲಿ ಮೆಟ್ಟಿಲು ಇನ್ನೂರೈವತ್ತಾರು. ಹದಿನಾಲ್ಕು ಬಿಟ್‌ನ ಮೂಲಚಿತ್ರದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು. ಧರಣೇಶ ಒಂದೇ ದೃಶ್ಯವನ್ನು ಎರಡೂ ಬಗೆಯಲ್ಲಿ ಇಟ್ಟುಕೊಂಡು, ಒಂದೇ ಜಾತಿಯ ಕಾಗದದ ಮೇಲೆ ಮುದ್ರಿಸಿ, ಎರಡು ಹಾಳೆಯನ್ನೂ ಅಂಗಳದ ಬಿಸಿಲಿಗೆ ಹಿಡಿದು ನೋಡಿದ್ದ. ಕೂದಲೆಳೆಯಷ್ಟೂ ವ್ಯತ್ಯಾಸ ಕಂಡಿರಲಿಲ್ಲ. ಈಗ ಅವನ್ನು ಮೇಷ್ಟ್ರ ಮುಂದಿಟ್ಟು, “ಇದರಲ್ಲಿ ಯಾವುದು ಯಾವುದೆಂದು ನೀವೇ ಹೇಳಿ” ಎಂದ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಎಡದ್ದನ್ನು ನೋಡಿದರು, ಬಲದ್ದನ್ನು ನೋಡಿದರು. ಹಾಳೆಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ನೋಡಿದರು.

“ನನಗೂ ತಿಳಿಯಲಿಲ್ಲ” ಎಂದು ನಕ್ಕರು.

ಧರಣೇಶನಿಗೆ ಗೆದ್ದಷ್ಟು ಖುಷಿಯಾಯಿತು. “ಹಾಗಾದರೆ ಎಂಟು ಬಿಟ್‌ನ ಚಿಕ್ಕ ಚಿತ್ರಗಳನ್ನಷ್ಟೇ ಇಟ್ಟುಕೊಂಡು ಮೂಲವನ್ನೆಲ್ಲ ಅಳಿಸಿಬಿಡಲೇ? ಡಿಸ್ಕ್‌ಗಳೆಲ್ಲ ತುಂಬಿ ತುಳುಕುತ್ತಿವೆ.”

“ಅಳಿಸುವುದಕ್ಕೇನು, ಒಂದು ಗುಂಡಿ ಒತ್ತಿದರೆ ಆಯಿತು. ಮೊದಲು ಕೂತುಕೋ. ಒಂದು ಕತೆ ಹೇಳುತ್ತೇನೆ, ಕೇಳಿ ಆಮೇಲೆ ಒತ್ತು.”

ಮೇಷ್ಟ್ರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಸುತ್ತಲಿನ ಹತ್ತು ಹಳ್ಳಿಗಳ ಮದುವೆಗೆಲ್ಲ ಅವನೇ ಫೋಟೋ ತೆಗೆಯಬೇಕು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಳ್ಳೆಯವನೇ. ಆದರೆ ಅವನಿಗೊಂದು ಗೀಳಿತ್ತು. ಮದುವೆಯ ಚಿತ್ರದಲ್ಲಿ ಮದುವೆ ಮಾತ್ರ ಕಾಣಬೇಕು, ಬೇರೇನೂ ಕಾಣಬಾರದು. ಛತ್ರದಲ್ಲಿ ಮಂಟಪದ ಹಿಂದೆ ಏನೇನಿರುತ್ತದೆ ಎಂದು ನಿನಗೆ ಗೊತ್ತೇ ಇದೆ. ಗ್ಯಾಸ್ ಸಿಲಿಂಡರ್, ಮಡಚಿಟ್ಟ ಕುರ್ಚಿ, ನೀರಿನ ಕ್ಯಾನು, ಯಾರದೋ ಚಪ್ಪಲಿ, ಬಾಳೆಲೆಯ ಕಟ್ಟು. ಆಲ್ಬಂ ಮಾಡುವಾಗ ಅವನು ಅದರ ಮೇಲೆಲ್ಲ ಕಂಪ್ಯೂಟರಿನಲ್ಲಿ ಕಪ್ಪು ಬಳಿದುಬಿಡುತ್ತಿದ್ದ. ಬೆಳಕಿನಲ್ಲಿ ಗಂಡುಹೆಣ್ಣು ಮಾತ್ರ ಉಳಿಯುತ್ತಿದ್ದರು. ಅವನ ಫೋಟೋದಲ್ಲಿ ಹರಕು ಛತ್ರವೂ ಅರಮನೆಯ ಹಾಗೆ ಕಾಣುತ್ತದೆ ಎಂದು ಜನ ಹೊಗಳಿದರು. ಹೊಗಳಿಕೆಯನ್ನು ನಂಬದವರು ಯಾರಿದ್ದಾರೆ? ಅವನೂ ನಂಬಿದ.

ಅವನಿಗೆ ಇನ್ನೊಂದು ಅಭ್ಯಾಸವೂ ಇತ್ತು. ಆಲ್ಬಂ ಕೊಟ್ಟ ಮಾರನೆಯ ದಿನ ಹೆಂಡತಿಯನ್ನು ಕರೆದು, “ಆ ಮದುವೆಯ ಮೂಲದ ದೊಡ್ಡ ಚಿತ್ರಗಳನ್ನ ಅಳಿಸ್ಬಿಡು, ಚಿಕ್ಕವು ಇರ್ಲಿ” ಎನ್ನುತ್ತಿದ್ದ. ಸ್ಟುಡಿಯೋದ ಕಂಪ್ಯೂಟರು, ಡಿಸ್ಕು ಎಲ್ಲ ಅವಳ ಉಸ್ತುವಾರಿ. ಅವಳು “ಹೂಂ” ಎನ್ನುತ್ತಿದ್ದಳು. ಅವಳು ಹೆಚ್ಚು ಮಾತಿನವಳಲ್ಲ. ಗಂಡನೇ ಇಬ್ಬರ ಪಾಲಿನದನ್ನೂ ಆಡುತ್ತಿದ್ದುದರಿಂದ ಅವಳಿಗೆ ಅವಕಾಶವೂ ಇರಲಿಲ್ಲ ಎನ್ನು.

ಅದೇ ಸೀಮೆಯಲ್ಲಿ ಒಬ್ಬ ಹೆಂಗಸು ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಮಗಳಿಗೆ ಆರು ವರ್ಷವಾಗಿದ್ದಾಗ ಗಂಡ ತೀರಿಕೊಂಡಿದ್ದ. ಆಮೇಲೆ ಆ ತಾಯಿ, ಮಗಳು, ಗಿರಣಿ, ಮೂರೇ. ರಾಗಿ ಬೀಸಿ, ಅಕ್ಕಿ ಬೀಸಿ, ಹುಬ್ಬಿನ ಮೇಲೆಲ್ಲ ಹಿಟ್ಟು ಕೂರಿಸಿಕೊಂಡು ಅವಳು ಮಗಳನ್ನು ಓದಿಸಿದಳು, ಒಳ್ಳೆಯ ಕಡೆ ಗಂಡು ನೋಡಿ ಮದುವೆಯನ್ನೂ ಗೊತ್ತುಮಾಡಿದಳು.

ಮದುವೆಯ ಮಾತುಕತೆಯಲ್ಲಿ ಧಾರೆ ಎರೆಯುವವರು ಯಾರು ಎಂಬ ಪ್ರಶ್ನೆ ಬಂತು. ಚಿಕ್ಕಪ್ಪ ಚಿಕ್ಕಮ್ಮ ಎರೆಯುವುದೆಂದು ತೀರ್ಮಾನವಾಯಿತು. ಗಂಡನಿಲ್ಲದ ಹೆಂಗಸು ಮಂಟಪದ ಹತ್ತಿರ ಬರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಾ ಎಂದೂ ಯಾರೂ ಹೇಳಲಿಲ್ಲ. ಉಗ್ರಾಣದ ಬೀಗದ ಕೈಯನ್ನು ಅವಳ ಕೈಗೆ ಕೊಟ್ಟು, “ಅತ್ಗೆ, ನೀನು ಅಲ್ಲಿದ್ರೆ ನಮ್ಗೆ ಚಿಂತೆ ಇಲ್ಲ” ಎಂದರು. ತೆಂಗಿನಕಾಯಿ, ಸಕ್ಕರೆ, ಬೇಳೆ, ತಾಂಬೂಲದ ಚೀಲ ಎಲ್ಲ ಅವಳ ಸುಪರ್ದಿಗೆ ಬಂತು. ಗೌರವ ಕೊಟ್ಟ ಹಾಗೂ ಆಯಿತು, ದೂರ ಇಟ್ಟ ಹಾಗೂ ಆಯಿತು. ಇಂಥ ಕೆಲಸದಲ್ಲಿ ನಮ್ಮ ಜನ ಬಲು ಜಾಣರು. ನನಗೆ ಈಗಲೂ ಅದನ್ನು ಹೇಳುವಾಗ ಸಿಟ್ಟು ಬರುತ್ತದೆ.

ತಾಯಿಗೆ ಸಿಟ್ಟು ಬರಲಿಲ್ಲ. ಬಂದದ್ದು ಮಗಳಿಗೆ. ಮುಹೂರ್ತದ ಬೆಳಿಗ್ಗೆ ಅಲಂಕಾರ ಮುಗಿದ ಮೇಲೆ ಅವಳು ತಾಯಿಯ ಕೈಯನ್ನು ಬಿಡಲಿಲ್ಲ.

“ತಾಳಿ ಕಟ್ಟೋ ಹೊತ್ತಿಗೆ ನೀನು ನನ್ನ ಕಣ್ಣಿಗೆ ಕಾಣ್ಬೇಕು ಅಮ್ಮ. ಯಾರು ಏನಾದ್ರೂ ಅಂದ್ಕೊಳ್ಳಿ.”

“ಬರ್ತೀನಿ ಕಣೇ. ಹೋಗು, ಹೊತ್ತಾಯ್ತು.”

ಹೊತ್ತಾಯಿತು. ಪುರೋಹಿತರು ಗಟ್ಟಿಮೇಳ ಎಂದು ಕೂಗಿದರು. ವಾಲಗದವರು ಛತ್ರದ ಚಾವಣಿ ಹಾರುವ ಹಾಗೆ ಊದಿದರು. ಮಗಳು ತಲೆ ಎತ್ತಿ ಎದುರಿಗೆ ನೋಡಿದಳು. ಚಿಕ್ಕಪ್ಪ ಇದ್ದ, ಚಿಕ್ಕಮ್ಮ ಇದ್ದಳು, ಹೆಸರೂ ಗೊತ್ತಿಲ್ಲದ ನೂರು ಜನರಿದ್ದರು. ಕತ್ತು ಹೊರಳಿಸಿ ಪಕ್ಕದ ಉಗ್ರಾಣದ ಕಡೆಗೂ ನೋಡಿದಳು. ವಿಡಿಯೋದವರ ದೀಪ ಅವಳ ಮುಖಕ್ಕೇ ಹೊಡೆಯುತ್ತಿತ್ತು. ಅಷ್ಟು ಬೆಳಕಿನಲ್ಲಿ ಕೂತವಳಿಗೆ ಉಗ್ರಾಣದ ಬಾಗಿಲು ಬರೀ ಕಪ್ಪಾಗಿ ಕಂಡಿತು. ಅಮ್ಮ ಬರಲಿಲ್ಲ ಎಂದುಕೊಂಡು ತಲೆ ತಗ್ಗಿಸಿದಳು. ಅಕ್ಷತೆ ಬಿತ್ತು, ಮದುವೆ ಆಯಿತು.

ಗಂಡನ ಮನೆಗೆ ಹೋದ ಮೇಲೆ ಮಗಳ ಮಾತು ಕಡಿಮೆಯಾಯಿತು. ತಾಯಿ ಫೋನು ಮಾಡಿದರೆ ಊಟ ಆಯ್ತು, ಚೆನ್ನಾಗಿದೀನಿ, ಇಡ್ತೀನಿ, ಇಷ್ಟೇ. ಕೊನೆಗೊಂದು ದಿನ ತಾಯಿ ಬಿಡದೆ ಕೇಳಿದ್ದಕ್ಕೆ ಒಳಗಿದ್ದದ್ದು ಹೊರಗೆ ಬಂತು.

“ನಾನು ಅಲ್ಲೇ ಇದ್ನಲ್ಲೇ, ಉಗ್ರಾಣದ ಬಾಗಿಲಲ್ಲಿ” ಎಂದಳು ತಾಯಿ.

“ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಅಮ್ಮ. ನಾನು ನೋಡ್ದೆ. ಅಲ್ಲಿ ಯಾರೂ ಇರ್ಲಿಲ್ಲ.”

ತಾಯಿ ಬರಲಿಲ್ಲ ಎನ್ನುವುದಕ್ಕಿಂತ, ಅವರಿವರ ಮಾತಿಗೆ ಹೆದರಿ ಒಳಗೆ ಕೂತು, ಈಗ ಇದ್ದೆ ಎನ್ನುತ್ತಿದ್ದಾಳಲ್ಲ ಎಂದು ಮಗಳಿಗೆ ನೋವು. ಹೆದರದೆ ಬಂದಿದ್ದೇ ಸುಳ್ಳಾಯಿತಲ್ಲ ಎಂದು ತಾಯಿಗೆ ನೋವು. ಆ ವರ್ಷ ಗೌರಿ ಹಬ್ಬಕ್ಕೆ ಮಗಳು ತವರಿಗೆ ಬರಲಿಲ್ಲ.

ಅಷ್ಟರಲ್ಲಿ ಹೆಣ್ಣಿನ ಮನೆಯ ಆಲ್ಬಂ ಬಂತು. ತಾಯಿ ಗಿರಣಿ ನಿಲ್ಲಿಸಿ, ಕೈತೊಳೆದು, ತಾಳಿ ಕಟ್ಟುವ ಪುಟವನ್ನೇ ಮೊದಲು ತೆಗೆದಳು. ಗಂಡಿನ ಬೆರಳುಗಳು ತಾಳಿಯ ಗಂಟಿನ ಮೇಲಿದ್ದವು. ಮಗಳ ತಲೆ ಬಾಗಿತ್ತು. ಪಕ್ಕದಲ್ಲಿ ಉಗ್ರಾಣದ ಬಾಗಿಲು ಇರಬೇಕಾದ ಕಡೆ ಕಾಡಿಗೆಯಂಥ ಕಪ್ಪಿತ್ತು. ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಆವತ್ತು ಸರಿಯಾಗಿ ಅದೇ ಹೊತ್ತಿಗೆ ಯಾರೋ ಕರ್ಪೂರ ಕೇಳಿಕೊಂಡು ಬಂದಿದ್ದರು. ಕೊಟ್ಟು ಬಾಗಿಲಿಗೆ ಓಡಿಬಂದದ್ದು ತಾಳಿ ಕಟ್ಟುವ ಮೊದಲೋ, ಕಟ್ಟಿಯಾದ ಮೇಲೋ? ಮಗಳು ಅಷ್ಟು ಖಚಿತವಾಗಿ ಹೇಳುತ್ತಿದ್ದಾಳೆ ಎಂದರೆ ಒಂದು ವೇಳೆ ತಾನೇ ತಡವಾಗಿ ಬಂದಿದ್ದೆನೇನೋ. ಹದಿನೆಂಟು ವರ್ಷ ಕಾದ ಒಂದು ಗಳಿಗೆ ಕೈತಪ್ಪಿತೇನೋ.

ಮಾರನೆಯ ದಿನವೇ ಆಲ್ಬಮ್ಮನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಸ್ಟುಡಿಯೋಗೆ ಬಂದಳು. ಪುಟ ಬಿಚ್ಚಿ ಕಪ್ಪಿನ ಮೇಲೆ ಬೆರಳಿಟ್ಟಳು.

“ಇದರೊಳಗೆ ನಾನಿದೀನೇನೋ ಅಂತ ಕಣಪ್ಪ. ಸ್ವಲ್ಪ ತೆಗ್ದು ತೋರಿಸ್ತೀಯಾ?”

ಫೋಟೋಗ್ರಾಫರ್‌ಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ನಾಚಿಕೆಯಾಯಿತು. ಆ ಕಪ್ಪು ಬಳಿದವನು ಅವನೇ. ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿರಲೂ ಇಲ್ಲ. ಏನೋ ಮಸುಕಾಗಿ ಕಂಡಿತು, ಎರಡು ಸಲ ಕೈಯಾಡಿಸಿದ್ದ. ಅವನು ಅವಳನ್ನು ಕೂರಿಸಿ, ಕಾಫಿ ತರಿಸಿ, ಕಪ್ಪು ಬಳಿಯುವುದಕ್ಕೆ ಮೊದಲಿನ ಚಿಕ್ಕ ಚಿತ್ರವನ್ನು ಹುಡುಕಿ ತೆಗೆದ. ಇನ್ನೂರೈವತ್ತಾರು ಮೆಟ್ಟಿಲಿನದು. ಅದರಲ್ಲೂ ಉಗ್ರಾಣದ ಬಾಗಿಲು ಕತ್ತಲಾಗಿಯೇ ಇತ್ತು, ಏಕೆಂದರೆ ಫ್ಲಾಶ್ ಬೆಳಕು ಮಂಟಪದಿಂದಾಚೆಗೆ ಹೋಗಿರಲಿಲ್ಲ.

“ಬೆಳಕು ಮಾಡಿದ್ರಾಯ್ತು” ಎಂದು ಅವನು ಕತ್ತಲನ್ನು ಮೇಲಕ್ಕೆಳೆದ.

ಇಲ್ಲಿ ಗಮನವಿಟ್ಟು ಕೇಳು. ಇನ್ನೂರೈವತ್ತಾರು ಮೆಟ್ಟಿಲು ಇಡೀ ಚಿತ್ರಕ್ಕೆ. ಮಗಳ ಮುಖಕ್ಕೆ, ಜರಿಯ ಸೀರೆಗೆ, ಹೂವಿಗೆ ಎಲ್ಲ ಹಂಚಿದ ಮೇಲೆ ಆ ಬಾಗಿಲ ಕತ್ತಲಿನ ಪಾಲಿಗೆ ಬಂದದ್ದು ಕೆಳಗಿನ ಐದಾರು ಮೆಟ್ಟಿಲು. ಕತ್ತಲು ಕತ್ತಲಾಗಿ ಇರುವ ತನಕ ಆ ಐದಾರು ಧಾರಾಳವಾಗಿ ಸಾಕು. ಯಾರ ಕಣ್ಣಿಗೂ ಕೊರತೆ ತಿಳಿಯುವುದಿಲ್ಲ. ಆದರೆ ಆ ಐದನ್ನೇ ಹಿಡಿದು ಬೆಳಕಿನ ತನಕ ಎಳೆದರೆ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಹಳ್ಳ ಬೀಳುತ್ತದೆ. ತೆರೆಯ ಮೇಲೆ ಬಂದದ್ದೂ ಅದೇ. ಬೂದಿಯ ಒಂದು ಪಟ್ಟೆ, ಇಟ್ಟಿಗೆ ಬಣ್ಣದ ಒಂದು ಪಟ್ಟೆ, ಮತ್ತೆ ಕಪ್ಪು. ನಡುವೆ ದುಂಡಗೆ ಏನೋ ಒಂದು ನಿಂತಿತ್ತು.

“ಇಗೋ, ಇಲ್ಲಿದೀರಲ್ಲಮ್ಮ!” ಎಂದ ಫೋಟೋಗ್ರಾಫರ್.

ಅವಳು ಬಗ್ಗಿ ನೋಡಿದಳು. “ಅದು ಸಕ್ಕರೆ ಮೂಟೆ ಕಣಪ್ಪ. ನಾನೇ ಇಳಿಸ್ಕೊಂಡಿದ್ದು.”

ಅವನು ಅಷ್ಟಕ್ಕೆ ಬಿಡಲಿಲ್ಲ. ಕಂಪ್ಯೂಟರಿನಲ್ಲಿ ಎಂಟು ಬಿಟ್‌ನ ಚಿತ್ರವನ್ನು ಹದಿನಾರು ಬಿಟ್‌ಗೆ ಬದಲಾಯಿಸುವ ಒಂದು ಉಪಾಯವಿದೆಯಲ್ಲ, ನೀನೂ ಮಾಡಿದ್ದೀಯೆ, ಅದನ್ನು ಮಾಡಿದ. ಈಗ ಮೆಟ್ಟಿಲು ಅರವತ್ತೈದು ಸಾವಿರ ಎಂದು ತೆರೆ ಹೇಳಿತು. ಆದರೆ ಪಾವಿನ ಅಕ್ಕಿಯನ್ನು ಕೊಳಗಕ್ಕೆ ಸುರಿದ ಮಾತ್ರಕ್ಕೆ ಅಕ್ಕಿ ಹೆಚ್ಚುತ್ತದೆಯೇ? ಪಾತ್ರೆ ದೊಡ್ಡದಾಯಿತು, ಒಳಗಿದ್ದದ್ದು ಅಷ್ಟೇ ಇತ್ತು. ಸಕ್ಕರೆ ಮೂಟೆ ಸಕ್ಕರೆ ಮೂಟೆಯಾಗಿಯೇ ಉಳಿಯಿತು. ಅದರ ಹಿಂದೆ ಮನುಷ್ಯರು ಇರಬಹುದು, ಗೋಡೆಯೂ ಇರಬಹುದು.

“ದೊಡ್ಡ ಚಿತ್ರ ಇದ್ದಿದ್ರೆ ಏನಾದ್ರೂ ಮಾಡ್ಬಹುದಿತ್ತಮ್ಮ. ಅದನ್ನ ಅಳಿಸಿಬಿಟ್ಟಿದೀವಿ” ಎಂದ.

“ಹೋಗ್ಲಿ ಬಿಡಪ್ಪ. ನಾನೇ ತಡವಾಗಿ ಬಂದಿದ್ನೇನೋ” ಎಂದು ಅವಳು ಆಲ್ಬಮ್ಮಿಗೆ ಪಂಚೆ ಸುತ್ತತೊಡಗಿದಳು.

ಫೋಟೋಗ್ರಾಫರನ ಹೆಂಡತಿ ಆ ತನಕ ಕೌಂಟರಿನ ಹಿಂದೆ ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ಕತ್ತರಿಸುತ್ತ ಕೂತಿದ್ದಳು. ಈಗ ಕತ್ತರಿ ಕೆಳಗಿಟ್ಟಳು. ಎದ್ದು ಒಳಮನೆಗೆ ಹೋಗಿ ಒಂದು ಸ್ಟೀಲ್ ಡಬ್ಬ ತಂದು ಗಂಡನ ಮುಂದಿಟ್ಟಳು. ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ಒಳಗೆ ಹತ್ತಿಯ ಮೇಲೆ ನಾಲ್ಕು ಡಿಸ್ಕ್‌ಗಳು ಮಲಗಿದ್ದವು.

“ಇದೇನೇ! ಅಳಿಸು ಅಂದಿದ್ನಲ್ಲ?”

“ನೀವು ಅಂದ್ರಿ, ನಾನು ಹೂಂ ಅಂದೆ. ಅಳಿಸ್ದೆ ಅಂತ ಯಾವತ್ತು ಹೇಳ್ದೆ? ಮದುವೆಯಾದೋರ ಮನೇಲಿ ತೊಟ್ಟಿಲು ಕಟ್ಟೋ ತನಕ ಅವರ ಮದುವೆ ಅಳಿಸ್ಬಾರ್ದು. ಒಳ್ಳೇದಲ್ಲ.”

ಇದು ಯಾವ ಶಾಸ್ತ್ರದಲ್ಲಿದೆ ಎಂದು ನನ್ನನ್ನು ಕೇಳಬೇಡ. ಅವಳ ಶಾಸ್ತ್ರ ಅದು, ಅವಳೇ ಬರೆದುಕೊಂಡದ್ದು. ಬೇರೆ ದಿನವಾಗಿದ್ದರೆ ಗಂಡ ಅವಳ ಮೂಢನಂಬಿಕೆಯನ್ನು ಆಡಿಕೊಂಡು ನಗುತ್ತಿದ್ದ. ಒಂದು ನಂಬಿಕೆ ಒಬ್ಬ ತಾಯಿಯನ್ನು ಕತ್ತಲಿಗೆ ನೂಕಿತ್ತು. ಇನ್ನೊಂದು ನಂಬಿಕೆ ಆ ಕತ್ತಲನ್ನು ಹತ್ತಿಯಲ್ಲಿಟ್ಟು ಕಾಪಾಡಿತ್ತು. ನಂಬಿಕೆಗಳ ಬಗ್ಗೆ ನಾನು ಬೇರೆ ಪಾಠ ಹೇಳುವುದಿಲ್ಲ. ಇಷ್ಟಕ್ಕೇ ನಿನಗೆ ತಿಳಿಯಬೇಕು.

ಫೋಟೋಗ್ರಾಫರ್ ಮೂಲಚಿತ್ರವನ್ನು ತೆರೆದ. ಮೊದಲ ನೋಟಕ್ಕೆ ಅದೇ ಕಪ್ಪು. ಚಿಕ್ಕ ಚಿತ್ರಕ್ಕೂ ಇದಕ್ಕೂ ಎಳ್ಳಷ್ಟೂ ಭೇದವಿಲ್ಲ. ನೋಡುತ್ತಿದ್ದ ತಾಯಿಯ ಮುಖ ಇನ್ನಷ್ಟು ಬಾಡಿತು. ಅವನು ನಿಧಾನವಾಗಿ ಕತ್ತಲನ್ನು ಮೇಲಕ್ಕೆತ್ತಿದ. ಈ ಸಲ ಹಳ್ಳ ಬೀಳಲಿಲ್ಲ. ಮೊದಲು ಬಾಗಿಲುವಾಡದ ಮರ ಬಂತು. ಅದಕ್ಕೆ ಕಟ್ಟಿದ್ದ ಮಾವಿನ ಸೊಪ್ಪು ಬಂತು, ಒಣಗಿದ ಎಲೆ ಬೇರೆ, ಹಸಿ ಎಲೆ ಬೇರೆ. ಸಕ್ಕರೆ ಮೂಟೆ ಬಂತು. ಮೂಟೆಯ ಹಿಂದೆ ಕಂದು ಸೀರೆಯ ಅಂಚು ಬಂತು. ಅಂಚಿನ ಮೇಲೊಂದು ಕೈ, ಕೈಯ ಮೇಲೊಂದು ಭುಜ, ಆಮೇಲೆ ಮುಖ. ಚಿತ್ರ ಸ್ವಲ್ಪ ತರಿತರಿಯಾಗಿ, ರವೆ ಉದುರಿಸಿದ ಹಾಗಿತ್ತು, ನಿಜ. ಆದರೆ ಅವಳದೇ ಮುಖ.

ಬಾಯಿ ತುಂಬ ನಗುತ್ತಿದ್ದಳು. ಅತ್ತಿಲ್ಲ, ಅಡಗಿಕೊಂಡಿಲ್ಲ. ಒಂದು ಕಾಲು ಹೊಸ್ತಿಲು ದಾಟಿ ಹೊರಗಿತ್ತು. ಬಲಗೈಯನ್ನು ತಲೆಗಿಂತ ಮೇಲಕ್ಕೆತ್ತಿ ಮಂಟಪದ ಕಡೆ ಏನನ್ನೋ ಎಸೆಯುತ್ತಿದ್ದಳು. ಅದೇ ಚಿತ್ರದಲ್ಲಿ, ನಾಲ್ಕು ಹೆಜ್ಜೆ ಆಚೆಗೆ, ಗಂಡಿನ ಬೆರಳುಗಳು ತಾಳಿಯ ಗಂಟಿನ ಮೇಲಿದ್ದವು. ತಡವಾಗಿರಲಿಲ್ಲ. ಸರಿಯಾಗಿ ಅದೇ ಗಳಿಗೆ.

ತಾಯಿ ತೆರೆಯನ್ನೇ ನೋಡಿದಳು. ಮಗಳ ಮದುವೆಯ ಚಿತ್ರದಲ್ಲಿ ಅವಳು ತನ್ನನ್ನು ಕಂಡದ್ದು ಅದೇ ಮೊದಲು.

“ಅಯ್ಯೋ, ನನ್ನ ಬಾಯಿ ನೋಡಿ! ಹಲ್ಲೆಲ್ಲ ಕಾಣ್ತಿದೆ!” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ.

ಫೋಟೋಗ್ರಾಫರನ ಹೆಂಡತಿ ತೆರೆಯ ಹತ್ತಿರಕ್ಕೆ ಬಂದಳು. ಗಾಳಿಯಲ್ಲಿ ನಿಂತ ಕಾಳುಗಳನ್ನು ದೊಡ್ಡದು ಮಾಡಿ ನೋಡಿದಳು. ಕಾಳುಗಳ ಹಳದಿ ಅಕ್ಷತೆಯ ಹಳದಿಯಲ್ಲ, ಆಕಾರ ಅಕ್ಕಿಯದಲ್ಲ.

“ಅಮ್ಮ, ಇದು ಕಡಲೆಬೇಳೆ ಅಲ್ವಾ?”

“ಇನ್ನೇನು ಮಾಡ್ಲವ್ವ! ಗಟ್ಟಿಮೇಳ ಅಂದ್ಬಿಟ್ರು. ನನ್ನ ಕೈಗೆ ಯಾರೂ ಅಕ್ಷತೆ ಕೊಟ್ಟಿರ್ಲಿಲ್ಲ. ಹೋಳಿಗೆಗೆ ತಂದ ಬೇಳೆ ಪಕ್ಕದಲ್ಲಿತ್ತು. ಮುಷ್ಟಿ ತುಂಬ ತಗೊಂಡು ಎಸೆದ್ಬಿಟ್ಟೆ!”

ಅಕ್ಷತೆ ಹಂಚುವವರು ಉಗ್ರಾಣದ ತನಕ ಬಂದಿರಲಿಲ್ಲ, ಅಷ್ಟೇ. ಆಶೀರ್ವಾದ ಮಾಡುವವರು ಅದಕ್ಕಾಗಿ ಕಾಯುತ್ತಾರೆಯೇ? ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀದಿಯಲ್ಲಿ ಹೋಗುವವರು ಸ್ಟುಡಿಯೋ ಒಳಗೆ ಇಣುಕಿ ನೋಡಿ ಹೋದರು.

ಫೋಟೋಗ್ರಾಫರ್ ಆ ಚಿತ್ರವನ್ನು ಮುದ್ರಿಸಿದ. ಅದೇ ಕಾಗದ, ಅದೇ ಶಾಯಿ, ಎಲ್ಲ ಚಿತ್ರಕ್ಕೂ ಬಳಸುವ ಅದೇ ಯಂತ್ರ. ತಾಯಿ ಅದನ್ನು ಎದೆಗವಚಿಕೊಂಡು ಮನೆಯ ಬಸ್ಸು ಬಿಟ್ಟು ಮಗಳ ಊರಿನ ಬಸ್ಸು ಹತ್ತಿದಳು.

ಮಗಳು ಬಾಗಿಲು ತೆಗೆದಳು. “ಬಾ, ಕೂತ್ಕೋ” ಎಂದಳು. ದನಿಯಲ್ಲಿ ಬಿಸಿಯೂ ಇಲ್ಲ, ತಂಪೂ ಇಲ್ಲ. ತಾಯಿ ಕೂರಲಿಲ್ಲ. ಏನೂ ವಿವರಿಸಲೂ ಇಲ್ಲ. ಹಾಳೆಯನ್ನು ಮಗಳ ಕೈಗಿಟ್ಟಳು.

ಮಗಳು ನೋಡಿದಳು. ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ಮತ್ತೆ ನೋಡಿದಳು. ಹೊಸ್ತಿಲು ದಾಟಿದ ಕಾಲನ್ನು ನೋಡಿದಳು, ನಗುವನ್ನು ನೋಡಿದಳು, ಎತ್ತಿದ ಕೈಯನ್ನು ನೋಡಿದಳು.

“ಇದೇನಮ್ಮ ಎಸೀತಿರೋದು?”

“ಕಡಲೆಬೇಳೆ.”

ಮಗಳು ನಿಂತಲ್ಲೇ ನೆಲಕ್ಕೆ ಕೂತಳು. “ಆವತ್ತು ಜಡೆ ಬಿಚ್ಚುವಾಗ ಕೂದಲಲ್ಲಿ ನಾಲ್ಕು ಕಡಲೆಬೇಳೆ ಸಿಕ್ತು ಕಣಮ್ಮ! ಅಡುಗೆಯೋರು ಎಲ್ಲಿಂದ ಉದುರಿಸಿದ್ರೋ ಅಂತ ಬೈದು ಬಿಸಾಕ್ಬಿಟ್ಟೆ!”

ಆಮೇಲೆ ಆ ಮನೆಯಲ್ಲಿ ಏನಾಯಿತೆಂದು ನಾನು ಹೇಳಬೇಕಾಗಿಲ್ಲ. ಅತ್ತರು, ನಕ್ಕರು, ಒಬ್ಬರನ್ನೊಬ್ಬರು ಬೈದುಕೊಂಡರು, ಮತ್ತೆ ನಕ್ಕರು. ಮಗಳ ಅತ್ತೆ ಇದೇನು ಗಲಾಟೆ ಎಂದು ಬಂದು ನೋಡಿ, ಕತೆ ಕೇಳಿ, ಒಳಗೆ ಹೋಗಿ ಒಲೆಯ ಮೇಲೆ ಬೇಳೆ ಬೇಯಲು ಇಟ್ಟಳು. ಮಧ್ಯಾಹ್ನಕ್ಕೆ ಹೋಳಿಗೆಯ ಊಟವಾಯಿತು. ಎರಡು ದಿನ ಬಿಟ್ಟು ಮಗಳು ತಾಯಿಯ ಜೊತೆಗೇ ತವರಿಗೆ ಹೊರಟಳು, ಹಬ್ಬ ಮುಗಿದು ತಿಂಗಳಾಗಿದ್ದರೂ.

ಮೇಷ್ಟ್ರು ಕತೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಧರಣೇಶನ ಮುಖದಲ್ಲೂ ನಗುವಿತ್ತು. ಆದರೆ ಅವನು ಸುಲಭಕ್ಕೆ ಸೋಲೊಪ್ಪುವವನಲ್ಲ.

“ಕತೆ ಚೆನ್ನಾಗಿದೆ ಮೇಷ್ಟ್ರೇ. ಆದರೂ ಕೊನೆಗೆ ಮಗಳ ಕೈಗೆ ಹೋದ ಹಾಳೆ ಎಂಟು ಬಿಟ್‌ನದೇ ತಾನೇ? ಮುದ್ರಣಯಂತ್ರಕ್ಕೆ ಕಳಿಸುವಾಗ ಫೋಟೋಗ್ರಾಫರ್ ಅದನ್ನು ಎಂಟಕ್ಕೇ ಇಳಿಸಿರಬೇಕು. ಅವಳ ಕಣ್ಣಿಗೆ ಅಷ್ಟೇ ಸಾಕಾಯಿತಲ್ಲ?”

“ಇಳಿಸಿದ್ದ. ಅವಳ ಕಣ್ಣಿಗೆ ಅಷ್ಟೇ ಸಾಕಾಯಿತು. ನೀನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.”

“ಹಾಗಾದರೆ ಅಳಿಸಬಹುದಲ್ಲ?”

“ಧಾರಾಳವಾಗಿ ಅಳಿಸು, ಮುಂದೆ ಯಾರು ಯಾರನ್ನು ಹುಡುಕಿಕೊಂಡು ಬರುತ್ತಾರೆಂದು ಫೋಟೋ ತೆಗೆಯುವ ದಿನವೇ ನಿನಗೆ ಗೊತ್ತಿದ್ದರೆ” ಎಂದರು ಮೇಷ್ಟ್ರು.

ಧರಣೇಶ ಎರಡು ಹಾಳೆಯನ್ನೂ ಎತ್ತಿಟ್ಟು, ಹೊಸ ಡಿಸ್ಕ್‌ಗೆ ಎಷ್ಟಾಗುತ್ತದೆ ಎಂದು ಕೇಳಿದ.